ಹೆಸರಿನ ಕೊನೆಗೊಂದು ದೀರ್ಘ

ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ಮಗುವಿನ ಹೆಸರು ಬರೆಯುತ್ತಾರಲ್ಲ, ಆ ತಟ್ಟೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 2018ರ ಮಾತು. ಹನುಮಂತನಗರದಲ್ಲಿರುವ ನಮ್ಮ ಅತ್ತೆಯ ಮನೆ. ಅಗಲವಾದ ಹಿತ್ತಾಳೆ ತಟ್ಟೆ, ಅಂಚಿಗೆ ಅರಿಶಿನ ಕುಂಕುಮ. ನನ್ನ ಗಂಡ ಬೆರಳಿನ ಉಂಗುರ ತೆಗೆದು ಅಕ್ಕಿಯ ಮೇಲೆ ಎರಡು ಅಕ್ಷರ ಬರೆದರು. ಎರಡೇ. ತಟ್ಟೆಯಲ್ಲಿ ಇನ್ನೂ ತುಂಬಾ ಜಾಗ ಉಳಿದಿತ್ತು.

ಆ ಉಳಿದ ಜಾಗ ಸುತ್ತ ಕೂತವರಿಗೆ ಸಮಾಧಾನ ಕೊಡಲಿಲ್ಲ. ಹುಟ್ಟಿದ್ದು ಗಂಡುಮಗು. ಇಟ್ಟದ್ದು ನೋಡಿದರೆ ಹೊಳೆಯ ಹೆಸರು. ಹೊಳೆ ಅಂದಮೇಲೆ ಹೆಣ್ಣು ತಾನೇ? ಅತ್ತೆಯ ತಂಗಿಯನ್ನು ನಾವೆಲ್ಲ ಚಿಕ್ಕತ್ತೆ ಅನ್ನುತ್ತೇವೆ. ಅವರು ಮುಂದೆ ಬಗ್ಗಿ ಉಂಗುರ ಇಸಿದುಕೊಂಡರು. ಎರಡಕ್ಷರದ ಪಕ್ಕದಲ್ಲಿ 'ರಾಜ್' ಅಂತ ಸೇರಿಸಿದರು. "ಈಗ ಪೂರ್ತಿ ಆಯ್ತು ನೋಡಿ" ಅಂದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಅಜ್ಜಿಯ ಕೈ ತಟ್ಟೆಯ ಮೇಲೆ ಬಂತು. ಅಜ್ಜಿ ಅಂದರೆ ನನ್ನ ಅಪ್ಪನ ಅಮ್ಮ. ಆಗ ಅವರಿಗೆ 83. ಹಿಂದಿನ ದಿನವಷ್ಟೇ ಶಿವಮೊಗ್ಗದಿಂದ ರೈಲಿನಲ್ಲಿ ಬಂದಿದ್ದರು. ಮೂರು ಬೆರಳಿನಿಂದ ಅಕ್ಕಿಯನ್ನು ಮೆಲ್ಲಗೆ ಸವರಿ 'ರಾಜ್' ಅಳಿಸಿದರು. ಪಕ್ಕದ ಎರಡಕ್ಷರದ ಒಂದು ಕಾಳೂ ಅಲುಗಾಡಲಿಲ್ಲ.

"ನನ್ನ ಹೆಸರು ಕೊಡ್ತಿರೋದು ಅಲ್ವಾ? ಅಮ್ಮ ಅನ್ನೋದು ನಂಗಿರ್ಲಿ. ಉಳಿದಿದ್ದು ಅವನು ತಗಳ್ಲಿ."

ಹೌದು, ಅದು ಅಜ್ಜಿಯ ಹೆಸರು. ಹೊಳೆಯ ಹೆಸರಿಗೆ 'ಅಮ್ಮ' ಸೇರಿದರೆ ನನ್ನ ಅಜ್ಜಿ. 'ಅಮ್ಮ' ತೆಗೆದರೆ ನನ್ನ ಮಗ.

ಯಾವ ಹೊಳೆ ಅಂತ ಇಲ್ಲಿ ಬರೆಯುವುದಿಲ್ಲ. ಮಗನಿಗೆ ಈಗ ಏಳು ವರ್ಷ. ಇದನ್ನೆಲ್ಲ ಬರೆಯಲಾ ಅಂತ ಅವನನ್ನು ಕೇಳಿದೆ. "ಬರಿ, ಆದ್ರೆ ನನ್ನ ಹೆಸರು ಹಾಕ್ಬೇಡ" ಅಂದ. ಅವನ ಹೆಸರು, ಅವನ ಮಾತೇ ನಡೆಯಲಿ. ಗಂಗಾಮೂಲದ ಕಾಡಿನಲ್ಲಿ ಜೊತೆಗೇ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡ್ಲಿಯಲ್ಲಿ ಮತ್ತೆ ಒಂದಾಗುವ ಎರಡು ಹೊಳೆಗಳಲ್ಲಿ ಒಂದು ಅಂತ ಹೇಳಿದರೆ ಸಾಕು.

ಹೆಸರು ನಮಗೆ ಮಗು ಹುಟ್ಟುವ ಮೊದಲೇ ಗೊತ್ತಿತ್ತು. ಮಗು ಗಂಡೋ ಹೆಣ್ಣೋ ಅನ್ನುವುದು ಗೊತ್ತಿರಲಿಲ್ಲ. ನಮ್ಮ ದೇಶದಲ್ಲಿ ಅದನ್ನು ಮೊದಲೇ ತಿಳಿಯುವ ಹಾಗಿಲ್ಲ, 1994ರ ಕಾಯ್ದೆ ಇದೆ. ಪ್ರತಿ ಸಲ ಸ್ಕ್ಯಾನಿಂಗ್ ಕೋಣೆಯ ಹೊರಗೆ ಆ ಬೋರ್ಡನ್ನೇ ನೋಡುತ್ತಾ ಕೂತಿರುತ್ತಿದ್ದೆ: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ. ಹೆಣ್ಣು ಅಂತ ಗೊತ್ತಾದ ಕೂಡಲೇ ಬೇಡ ಅನ್ನುವವರು ಇದ್ದದ್ದರಿಂದ ಬಂದ ಬೋರ್ಡ್ ಅದು. ಎಷ್ಟು ಸಲ ಓದಿದರೂ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು.

ಮೊದಲೇ ಗೊತ್ತಾಗದ ಕಾರಣ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಎರಡು ಪಟ್ಟಿ ಇರುತ್ತವೆ. ಗಂಡಾದರೆ ಇದು, ಹೆಣ್ಣಾದರೆ ಅದು. ನಮ್ಮಲ್ಲೂ ಇತ್ತು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆವು. ಏಳನೇ ತಿಂಗಳಲ್ಲಿ ಒಂದು ರಾತ್ರಿ ನನ್ನ ಗಂಡ ನೀರು ತಗೊಳ್ಳಲು ಹೋದವರು ಅಲ್ಲೇ ನಿಂತರು. "ಎರಡು ಮಕ್ಕಳಿಗೆ ಕಾಯ್ತಾ ಇದ್ದೀವಾ ನಾವು? ಒಂದಕ್ಕೆ ತಾನೇ?" ಅಂದರು. ಆ ಮಾತು ನನ್ನನ್ನು ಹಿಡಿದುಕೊಂಡಿತು. ಹೊಟ್ಟೆಯೊಳಗೆ ಒದೆಯುತ್ತಿದ್ದದ್ದು ಒಂದೇ ಮಗು. ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಬಿಕ್ಕಳಿಸುತ್ತಿದ್ದದ್ದೂ ಅದೇ. ನನಗೆ ಅದರ ಪರಿಚಯ ಆಗಲೇ ಆಗಿತ್ತು. ಯಾರು ಬಂದರೂ ಇದೇ ಹೆಸರು ಅಂತ ಅವತ್ತೇ ಅಜ್ಜಿಯ ಹೆಸರನ್ನು, ಅಮ್ಮ ಬಿಟ್ಟು, ಒಂದು ಚೀಟಿಯಲ್ಲಿ ಬರೆದೆ. ಎರಡು ಪಟ್ಟಿಯನ್ನೂ ಕಿತ್ತು ಹಾಕಿದೆವು.

ಯೋಚಿಸಿದರೆ ನಮ್ಮ ಭಾಷೆಯೂ ಮಗುವನ್ನು ಹೀಗೇ ನೋಡುತ್ತದೆ. ಮಗು ಬಂತು. ಮಗು ಅತ್ತಿತು. ಮಗು ಮಲಗಿತು. ಬಂದನು ಇಲ್ಲ, ಬಂದಳು ಇಲ್ಲ. ಮಗು, ಕೂಸು, ಶಿಶು ಇವೆಲ್ಲ ನಿತ್ಯ ನಪುಂಸಕಲಿಂಗ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನಿಮಗೂ ನೆನಪಿರಬಹುದು. ಆಗ ಪರೀಕ್ಷೆಗೆ ಮಾತ್ರ ಕಲಿತಿದ್ದೆ. ತೊಡೆಯ ಮೇಲೆ ಒಂದು ಮಗು ಮಲಗಿದ ಮೇಲೆ ಅದರ ರುಚಿ ಗೊತ್ತಾಯಿತು. "ಅದಕ್ಕೆ ಹಸಿವಾಗಿದೆ ಕಣೇ" ಅಂತ ಅಮ್ಮ ಅನ್ನುವಾಗ ಆ 'ಅದು' ಎಷ್ಟು ಮೆತ್ತಗಿರುತ್ತದೆ! ಇನ್ನೊಂದು ವಿಷಯ ನೋಡಿ. ನಾನು, ನೀನು ಅನ್ನುವುದರಲ್ಲಿ ಗಂಡು ಹೆಣ್ಣು ಇಲ್ಲ. ಅವನು, ಅವಳು ಬರುವುದು ಇಲ್ಲದವರ ಬಗ್ಗೆ ಮಾತಾಡುವಾಗ, ಅದೂ ಏಕವಚನದಲ್ಲಿ. ಸ್ವಲ್ಪ ಗೌರವ ಕೊಟ್ಟ ಕೂಡಲೇ ಅದೂ ಹೋಗುತ್ತದೆ. ಅವರು ಬಂದರು. ಗಂಡಸಾದರೂ ಅದೇ, ಹೆಂಗಸಾದರೂ ಅದೇ. ಕನ್ನಡದಲ್ಲಿ ಗೌರವಕ್ಕೆ ಗಂಡು ಹೆಣ್ಣಿನ ಭೇದ ಇಲ್ಲ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಇನ್ನು ಹೆಸರುಗಳು. ಗಂಡು ಹೆಣ್ಣಿಗೆ ಒಂದೇ ಹೆಸರು ಅಂದರೆ ಅದು ಈಗಿನವರ ಹೊಸ ಶೋಕಿ, ಹೊರದೇಶದಿಂದ ಬಂದದ್ದು ಅಂತ ಹಲವರು ನನಗೆ ಹೇಳಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಹಳೆಯ ಹೆಸರುಗಳನ್ನು ಬಿಡಿಸಿ ನೋಡಿ. ಕೆಂಪಣ್ಣ, ಕೆಂಪಮ್ಮ. ಸಿದ್ದಪ್ಪ, ಸಿದ್ದಮ್ಮ. ಮಾದಯ್ಯ, ಮಾದಮ್ಮ. ಗಂಗಪ್ಪ, ಗಂಗಮ್ಮ. ಮುಂದಿನ ಭಾಗ ಇಬ್ಬರಿಗೂ ಒಂದೇ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಯ್ಯ, ಅವ್ವ ಅನ್ನುವ ಬಾಲ ಮಾತ್ರ ಬೇರೆ. ಆ ಬಾಲವೂ ಮೂಲದಲ್ಲಿ ಸಂಬಂಧದ ಮಾತು, ಮರ್ಯಾದೆಯ ಮಾತು. ಪಂಜಾಬಿನ ಸಿಖ್ಖರಲ್ಲೂ ಹೀಗೇ. ಗುರುಪ್ರೀತ್ ಅನ್ನುವುದು ಹುಡುಗನೂ ಆಗಬಹುದು, ಹುಡುಗಿಯೂ ಆಗಬಹುದು. ಹಿಂದೆ ಸಿಂಗ್ ಇದೆಯೋ ಕೌರ್ ಇದೆಯೋ ನೋಡಬೇಕು.

ದೇವಿಯ ಹೆಸರನ್ನು ಗಂಡಸರು ಇಟ್ಟುಕೊಳ್ಳುವುದಂತೂ ನಮ್ಮಲ್ಲಿ ತೀರಾ ಸಾಮಾನ್ಯ. ಯಲ್ಲಮ್ಮನ ಒಕ್ಕಲಿನವರ ಮನೆಯಲ್ಲಿ ಯಲ್ಲಪ್ಪ ಇರುತ್ತಾನೆ. ದ್ಯಾಮವ್ವನ ಊರಲ್ಲಿ ದ್ಯಾಮಪ್ಪ. ಚೌಡಮ್ಮನಿಗೆ ಹರಕೆ ಹೊತ್ತರೆ ಚೌಡಪ್ಪ. ಕೊಡಗಿನಲ್ಲಿ ಕಾವೇರಪ್ಪ ಅಂತ ಎಷ್ಟು ಜನ ಇಲ್ಲ! ಅವರ ಹೆಸರಿನಲ್ಲಿರುವುದು ಸಾಕ್ಷಾತ್ ಕಾವೇರಿ. ಹೊಳೆಯ ಹೆಸರು ಗಂಡಿಗೆ ಆಗುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಲ್ಲ.

ಬೆಂಗಳೂರಿನ ಗ್ರಾಮದೇವತೆಯ ಹೆಸರನ್ನೇ ಒಮ್ಮೆ ಜೋರಾಗಿ ಹೇಳಿ ನೋಡಿ. ಅಣ್ಣಮ್ಮ. ಆ ಹೆಸರು ಎಲ್ಲಿಂದ ಬಂತು, ಹೇಗೆ ಬಂತು ಅನ್ನುವುದು ಬೇರೆ ಮಾತು. ಕಿವಿಗೆ ಕೇಳುವುದು ಮಾತ್ರ ಅಣ್ಣ ಮತ್ತು ಅಮ್ಮ, ಎರಡೂ ಒಟ್ಟಿಗೆ. ಮೆಜೆಸ್ಟಿಕ್ ಹತ್ತಿರದ ಗುಡಿಯ ಮುಂದೆ ಬಸ್ಸು ನಿಂತಾಗೆಲ್ಲ ನಾನು ಕೈ ಮುಗಿಯುತ್ತೇನೆ. ನಮ್ಮ ಬೀದಿಯಲ್ಲಿ ವರ್ಷಕ್ಕೊಮ್ಮೆ ಪೆಂಡಾಲ್ ಹಾಕಿ ಅಣ್ಣಮ್ಮನನ್ನು ಕೂರಿಸುತ್ತಾರೆ. ಮಗ ಮೊದಲ ಸಲ ಆ ಹೆಸರು ಕೇಳಿದಾಗ "ಅಣ್ಣಾನಾ ಅಮ್ಮಾನಾ?" ಅಂದ. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸು "ಎಲ್ಲಾ ಅವಳೇ ಕಂದ" ಅಂದರು.

ಬಾಲದ ಬಗ್ಗೆ ಹೀಗೆ ಹೇಳಿದೆ ಅಂತ ಅದು ಬೇಡವೇ ಬೇಡ ಅನ್ನುವವಳಲ್ಲ ನಾನು. ಮಂಜಮ್ಮ ಜೋಗತಿಯವರ ಹೆಸರು ನೆನಪಾದಾಗೆಲ್ಲ ನನಗೆ ಇದು ಗಟ್ಟಿಯಾಗಿ ಅನ್ನಿಸುತ್ತದೆ. ಹುಟ್ಟಿದಾಗ ಮನೆಯವರು ಇಟ್ಟ ಹೆಸರು ಮಂಜುನಾಥ. ಅದನ್ನು ಅವರೇ ಎಲ್ಲರ ಮುಂದೆ ಹೇಳಿಕೊಂಡಿದ್ದಾರೆ. ಮನೆ ಬಿಡಬೇಕಾಯಿತು, ಭಿಕ್ಷೆ ಬೇಡಬೇಕಾಯಿತು. ಆಮೇಲೆ ಜೋಗತಿ ನೃತ್ಯ ಕಲಿತರು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಹೆಸರಿನ ಮುಂದಿನ ಭಾಗ ಹಾಗೇ ಇದೆ, ಬದಲಾದದ್ದು ಕೊನೆ ಮಾತ್ರ. ಆ 'ಅಮ್ಮ' ಅವರಿಗೆ ಯಾರೂ ಸುಮ್ನೆ ಕೊಡಲಿಲ್ಲ. ಅಷ್ಟು ನೋವು ತಿಂದು ಪಡೆದುಕೊಂಡದ್ದು. ನನ್ನ ಅಜ್ಜಿಯೂ 'ಅಮ್ಮ' ನಂಗಿರ್ಲಿ ಅಂದರಲ್ಲ. ಬೇಕು ಅನ್ನುವವರಿಗೆ ಅದು ಸಿಗಲಿ. ಹುಟ್ಟಿ ಹನ್ನೊಂದೇ ದಿನವಾದ ಮಗುವಿಗೆ ನಾವಾಗಿ ಅಂಟಿಸುವುದು ಬೇಡ ಅನ್ನುವಷ್ಟೇ ನನ್ನ ಆಸೆ.

ಈಗಿನ ಹೆಸರುಗಳಲ್ಲಿ ಅಪ್ಪ, ಅಮ್ಮ ಇಲ್ಲವಲ್ಲ, ಅದಕ್ಕೇ ಒಂದು ದೀರ್ಘ ಆ ಕೆಲಸ ಮಾಡುತ್ತದೆ. ವಸಂತ ಗಂಡು, ವಸಂತಾ ಹೆಣ್ಣು. ವಿಜಯ, ವಿಜಯಾ. ಪೂರ್ಣ, ಪೂರ್ಣಾ. ಮಾತಾಡುವಾಗ ಎಷ್ಟೋ ಸಲ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅದರಲ್ಲೂ ಮಕ್ಕಳನ್ನು ಆಟದಿಂದ ಮನೆಗೆ ಕೂಗುವಾಗ ಯಾವ ಹೆಸರಿಗಾದರೂ ಕೊನೆಗೆ ದೀರ್ಘ ಬಂದೇ ಬರುತ್ತದೆ. "ರಾಮಾ... ಊಟಕ್ಕೆ ಬಾ" ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆದರಂತೂ ಆ ದೀರ್ಘವೂ ಕಾಣುವುದಿಲ್ಲ. ನಾನು ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ದಿನವಿಡೀ ಹೆಸರುಗಳ ಜೊತೆಗೇ ಇರುತ್ತೇನೆ. ಹರ್ಷ ಅನ್ನುವ ಹುಡುಗನಿಗೆ ಬೇರೆ ರಾಜ್ಯದ ಕಚೇರಿಯಿಂದ 'ಡಿಯರ್ ಮೇಡಂ' ಅಂತ ಮೇಲ್ ಬರುವುದು, ಕಿರಣ್ ಅನ್ನುವ ಹುಡುಗಿಯನ್ನು ಗಂಡಸು ಅಂದುಕೊಂಡು ಹೋಟೆಲಿನಲ್ಲಿ ಇನ್ನೊಬ್ಬ ಗಂಡಸಿನ ಜೊತೆ ರೂಮು ಹಾಕುವುದು, ಇವೆಲ್ಲ ನಮಗೆ ವಾರಕ್ಕೊಂದು. ಸರಿ ಮಾಡುವುದಕ್ಕೆ ಎರಡು ನಿಮಿಷ ಸಾಕು.

ಕೃಷ್ಣ ಅನ್ನುವ ಹೆಸರನ್ನೇ ತಗೊಳ್ಳಿ. ಅವನು ಕೃಷ್ಣ. ದ್ರೌಪದಿ ಕೃಷ್ಣಾ, ಅವಳಿಗೆ ಮಹಾಭಾರತದಲ್ಲಿ ಆ ಹೆಸರೂ ಇದೆ. ಉತ್ತರ ಕರ್ನಾಟಕದಲ್ಲಿ ಹರಿಯುವ ಹೊಳೆಯೂ ಕೃಷ್ಣಾ. ಬಣ್ಣ ಕಪ್ಪು ಅನ್ನುವುದೊಂದೇ ಅರ್ಥ. ಇದೇ ದ್ರೌಪದಿಯನ್ನು ಚೈತ್ರ ಹುಣ್ಣಿಮೆಯ ರಾತ್ರಿ ನಮ್ಮ ಊರು ತಲೆಯ ಮೇಲೆ ಹೊರುತ್ತದೆ. ತಿಗಳರ ಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗವನ್ನು ಹೊರುವವರು ಗಂಡಸು. ಅರಿಶಿನ ಬಣ್ಣದ ಸೀರೆ, ಕೈತುಂಬ ಬಳೆ, ಕುತ್ತಿಗೆಯಲ್ಲಿ ತಾಳಿ, ಮೈತುಂಬ ಮಲ್ಲಿಗೆ. ನಡುರಾತ್ರಿ ಪೇಟೆಯ ಬೀದಿಯಲ್ಲಿ ನಿಂತು ನಾನು ಎರಡು ಸಲ ನೋಡಿದ್ದೇನೆ. ಜನ ಮಲ್ಲಿಗೆ ಎರಚುತ್ತಾ ಗೋವಿಂದಾ ಗೋವಿಂದಾ ಅಂತ ಕೂಗುವಾಗ ಮೈ ಜುಮ್ಮೆನ್ನುತ್ತದೆ. ಕೈಲಾಗದ ಗಂಡಸಿಗೆ "ಬಳೆ ತೊಟ್ಕೊಂಡು ಕೂತ್ಕೋ" ಅನ್ನುವ ಬೈಗುಳವೂ ಇದೇ ಊರಿನ ಬೀದಿಗಳಲ್ಲಿ ದಿನಾ ಕೇಳುತ್ತದೆ. ಈ ಬೈಗುಳಕ್ಕಿಂತ ಆ ಕರಗವೇ ನಿಜವಾದ ಬೆಂಗಳೂರು ಅಂತ ನಾನು ನಂಬಿದ್ದೇನೆ.

ತಟ್ಟೆಯ ಹತ್ತಿರ ಮತ್ತೆ ಬರುತ್ತೇನೆ. ಅಜ್ಜಿ 'ರಾಜ್' ಅಳಿಸಿದ ಮೇಲೆ ಎಲ್ಲರೂ ಪುರೋಹಿತರ ಮುಖ ನೋಡಿದರು. ಅವರು ಬೇಡ ಅಂದಿದ್ದರೆ ಅವತ್ತು ನಮ್ಮ ಮಾತು ನಡೆಯುತ್ತಿರಲಿಲ್ಲ, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಬೆರಳು ಮಡಚಿ ಎಣಿಸಿದರು. ಗಂಡುಮಗುವಿನ ಹೆಸರಿಗೆ ಅಕ್ಷರ ಸಮಸಂಖ್ಯೆಯಲ್ಲಿರಬೇಕು, ಎರಡೋ ನಾಲ್ಕೋ. ಹೆಣ್ಣುಮಗುವಿಗೆ ಬೆಸಸಂಖ್ಯೆ. ಗೃಹ್ಯಸೂತ್ರದಲ್ಲಿ ಹಾಗೇ ಹೇಳಿದೆ ಅಂದರು. "ಅಮ್ಮನವರ ಹೆಸರು ಪೂರ್ತಿ ಮೂರಕ್ಷರ, ಬೆಸ. ಅಮ್ಮ ತೆಗೆದ್ರೆ ಎರಡು, ಸಮ. ಗಂಡುಮಗುವಿಗೆ ಸರಿಯಾಗೇ ಇದೆಯಲ್ಲಾ." ಅಷ್ಟೇ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿಸಿದರು. ಸೀತಾ, ರಾಧಾ, ಉಷಾ ಎಲ್ಲ ಎರಡಕ್ಷರವೇ ಅಲ್ವಾ, ಆ ಲೆಕ್ಕವನ್ನು ಜನ ಯಾವತ್ತೋ ಬಿಟ್ಟಿದ್ದಾರೆ. ಆದರೂ ಆ ಹಿರಿಯರು ಅವತ್ತು ಹುಡುಕಿ ಕೊಟ್ಟ ದಾರಿಯನ್ನು ನಾನು ಮರೆಯುವುದಿಲ್ಲ.

ಊಟ ಮುಗಿದ ಮೇಲೆ ಚಿಕ್ಕತ್ತೆ ಅಡುಗೆಮನೆಯಲ್ಲಿ ಒಬ್ಬರೇ ಸಿಕ್ಕರು. ಕೋಸಂಬರಿ ಪಾತ್ರೆ ತೊಳೆಯುತ್ತಿದ್ದರು. ನನ್ನ ಕಡೆ ತಿರುಗದೇ ಮಾತಾಡಿದರು. "ನನ್ನ ಮಗ ಮೆತ್ತಗೆ ಮಾತಾಡ್ತಾನೆ ಅಂತ ಸ್ಕೂಲಲ್ಲಿ ಅವನನ್ನ ಏನೇನೋ ಕರೀತಿದ್ರು ಕಣಮ್ಮ. ಎಂಟನೇ ಕ್ಲಾಸಲ್ಲಿ ಒಂದು ತಿಂಗಳು ಸ್ಕೂಲಿಗೇ ಹೋಗ್ಲಿಲ್ಲ. ಅವನಿಗೆ ಹೆಸರು ಗಂಡಸಿನದೇ ಇತ್ತು, ಆದ್ರೂ ಬಿಡ್ಲಿಲ್ಲ. ನಿನ್ನ ಮಗೂಗೆ ಹೆಸರೂ ಹಿಂಗಾದ್ರೆ..." ಮಾತು ಮುಗಿಸಲಿಲ್ಲ. ನಾನು ಅವರ ಕೈಯಿಂದ ಪಾತ್ರೆ ತಗೊಂಡು ಒರೆಸಿದೆ. ಅವರು ಸೇರಿಸಿದ ಆ ಒಂದೂವರೆ ಅಕ್ಷರ ಅಹಂಕಾರದ್ದಲ್ಲ, ಹೆದರಿಕೆಯದ್ದು. ಅದು ಗೊತ್ತಾದ ಮೇಲೆ ನನಗೆ ಅವರ ಮೇಲೆ ಸಿಟ್ಟು ಉಳಿಯಲಿಲ್ಲ.

ಹೆದರಿಕೆ ಯಾಕೆ ಹುಡುಗರಿಗೇ ಜಾಸ್ತಿ? ನಾನು ಇದನ್ನು ತುಂಬಾ ಯೋಚಿಸಿದ್ದೇನೆ. ನಮಗೆ ಹೆಣ್ಣುಮಗು ಹುಟ್ಟಿದ್ದರೆ ಇದೇ ಹೆಸರಿಗೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಅದಿರಲಿ, ಹೆಣ್ಣುಮಗುವಿಗೆ ಗಂಡಿನ ಹೆಸರೇ ಇಟ್ಟಿದ್ದರೂ "ಪರವಾಗಿಲ್ಲ, ಗಟ್ಟಿಯಾಗಿದೆ" ಅನ್ನುತ್ತಿದ್ದರು. ಮನೆಯಲ್ಲಿ ಮಗಳನ್ನು "ಬಾರೋ ನನ್ ಮಗನೇ" ಅಂತ ಮುದ್ದು ಮಾಡುತ್ತೇವೆ. ಓದಿ ಕೆಲಸ ಹಿಡಿದರೆ ಗಂಡುಮಗನ ಹಾಗೆ ನೋಡಿಕೊಂಡಳು ಅನ್ನುತ್ತೇವೆ. ಅದೇ ಹುಡುಗನನ್ನು "ಬಾರೇ" ಅಂದು ನೋಡಿ, ಅದು ಬೈಗುಳವಾಗುತ್ತದೆ. ಹೆಣ್ಣು ಗಂಡಿನ ಹೆಸರು ತಗೊಂಡರೆ ಮೇಲೆ ಹತ್ತಿದ ಹಾಗೆ, ಗಂಡು ಹೆಣ್ಣಿನ ಹೆಸರು ತಗೊಂಡರೆ ಕೆಳಗೆ ಇಳಿದ ಹಾಗೆ. ಮೇಲೆ ಕೆಳಗೆ ಅಂತ ಇಟ್ಟವರು ಯಾರು? ಹುಡುಗಿಯರಿಗೂ ಇದು ಪುಕ್ಕಟೆ ಸಿಗುವುದಿಲ್ಲ, ಗಂಡುಬೀರಿ ಅನ್ನುವ ಮಾತು ನಾನೂ ಕೇಳಿಸಿಕೊಂಡಿದ್ದೇನೆ. ಆದರೆ ಹೆಸರಿನ ವಿಷಯದಲ್ಲಿ ಅವರಿಗೆ ಬಾಗಿಲು ಅರ್ಧ ತೆರೆದಿದೆ. ಹುಡುಗರಿಗೆ ಪೂರ್ತಿ ಮುಚ್ಚಿದೆ. ಹುಡುಗಿಯರಿಗೆ ಗಟ್ಟಿ ಹೆಸರು ಇಡುವುದನ್ನು ನೋಡಿ ಕಾಲ ಬದಲಾಯಿತು ಅನ್ನುತ್ತೇವೆ. ಹುಡುಗನಿಗೆ ಅಜ್ಜಿಯ ಹೆಸರು ಇಟ್ಟಾಗ ಯಾರ ಮುಖವೂ ಸಣ್ಣದಾಗದಿದ್ದರೆ ಆಗ ನಾನು ಹಾಗೆ ಅನ್ನುತ್ತೇನೆ.

ನನ್ನ ಅಪ್ಪನಿಗೂ ಮೊದಲು ಅಳುಕಿತ್ತು. "ದೊಡ್ಡವನಾದ ಮೇಲೆ ಹುಡುಗ ನಿಮ್ಮನ್ನ ಬೈತಾನೆ" ಅಂತ ಫೋನಿನಲ್ಲಿ ಹೇಳಿದ್ದರು. ಊರಿನ ಮನೆಯ ನಡುಮನೆಯಲ್ಲಿ ಅಪ್ಪನದೇ ಒಂದು ಫೋಟೊ ಇದೆ. ಮೂರು ವರ್ಷದ ಅಪ್ಪ. ಜರಿ ಲಂಗ, ಕೈಗೆ ಬಳೆ, ಉದ್ದ ಮೊಗ್ಗಿನ ಜಡೆ. ಜಡೆ ಕಾಣಲಿ ಅಂತ ಹಿಂದೆ ಕನ್ನಡಿ ಇಟ್ಟು ತೆಗೆದದ್ದು. ಆ ಕಾಲದಲ್ಲಿ ಚೌಲ ಮಾಡಿಸುವ ಮೊದಲು ಗಂಡುಮಕ್ಕಳಿಗೂ ಹೀಗೆ ಜಡೆ ಹಾಕಿ ಸ್ಟುಡಿಯೊಗೆ ಕರೆದುಕೊಂಡು ಹೋಗುತ್ತಿದ್ದರು. ಎಷ್ಟು ಮನೆಗಳಲ್ಲಿ ಇಂಥ ಫೋಟೊ ಇದೆ! ಅಪ್ಪ ಅದನ್ನು ಬಂದವರಿಗೆಲ್ಲ ಖುಷಿಯಿಂದ ತೋರಿಸುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ನಾನು ಏನೂ ವಾದ ಮಾಡಲಿಲ್ಲ. ಮಗುವನ್ನು ಎತ್ತಿಕೊಂಡು ಆ ಫೋಟೊದ ಕೆಳಗೆ ನಿಂತಿದ್ದೆ. ಅಪ್ಪ ಬಂದು ಮಗುವನ್ನು ಇಸಿದುಕೊಂಡು, ಹೆಸರು ಹಿಡಿದು ಕರೆದರು. ಅವರಮ್ಮನ ಹೆಸರು ಅದು. ಅವರ ಬಾಯಲ್ಲಿ ಅದು ಯಾವತ್ತೂ ಬಂದಿರಲಿಲ್ಲ, ಮಕ್ಕಳು ಅಮ್ಮನ ಹೆಸರು ಹಿಡಿದು ಕರೆಯುವುದಿಲ್ಲವಲ್ಲ. ಎರಡನೇ ಸಲ ಕರೆಯುವಾಗ ಅವರ ದನಿ ನಡುಗಿತು.

ಕಾಗದಪತ್ರಗಳದ್ದು ದೊಡ್ಡ ತೊಂದರೆ ಆಗುತ್ತದೆ ಅಂತ ಹೆದರಿಸಿದ್ದರು. ಅಷ್ಟೇನೂ ಆಗಲಿಲ್ಲ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆದರೆ ಹೆಸರು ಆಮೇಲೂ ಸೇರಿಸಬಹುದು. ಒಂದು ವರ್ಷದೊಳಗಾದರೆ ಶುಲ್ಕವೂ ಇಲ್ಲ. ಹಾಗಾಗಿ ಹೆಸರಿನ ಜಾಗ ಖಾಲಿ ಇದ್ದ, ಲಿಂಗದ ಜಾಗದಲ್ಲಿ 'ಗಂಡು' ಅಂತಿದ್ದ ಪ್ರಮಾಣಪತ್ರ ಮೊದಲು ಬಂತು, ಹೆಸರು ಆಮೇಲೆ ಸೇರಿತು. ಒಂದು ಆರೋಗ್ಯ ವಿಮೆಯ ಕಾರ್ಡಿನಲ್ಲಿ ಮಾತ್ರ ನಾವು ಸರಿಯಾಗಿ ತುಂಬಿಕೊಟ್ಟಿದ್ದರೂ ಹೆಸರು ನೋಡಿ ಹೆಣ್ಣು ಅಂತ ಹಾಕಿದ್ದರು. ಜ್ವರ ಬಂದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಆಸ್ಪತ್ರೆಯ ಕೌಂಟರಿನ ಮುಂದೆ ಎರಡು ಗಂಟೆ ಕೂತಿದ್ದೆ, ಫೋನಿನ ಮೇಲೆ ಫೋನು. ಆ ಎರಡು ಗಂಟೆ ನನ್ನ ಮೇಲೆ ನನಗೇ ತುಂಬಾ ಸಿಟ್ಟು ಬಂದಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಆ ದಿನಗಳಲ್ಲೇ ನಾನು ಜರ್ಮನಿಯ ಒಂದು ಕೇಸಿನ ಬಗ್ಗೆ ಓದಿದೆ. ಅಲ್ಲಿ ಬಹಳ ಕಾಲ ಹೆಸರು ನೋಡಿದ ಕೂಡಲೇ ಮಗು ಗಂಡೋ ಹೆಣ್ಣೋ ಗೊತ್ತಾಗಬೇಕು ಅಂತ ನೋಂದಣಿ ಕಚೇರಿಗಳು ಪಟ್ಟು ಹಿಡಿಯುತ್ತಿದ್ದವು. ಭಾರತ ಮೂಲದ ಒಂದು ಕುಟುಂಬ ಹೆಣ್ಣುಮಗುವಿಗೆ ಹೆಸರಿಟ್ಟಿತು. ಯಾವ ಹೆಸರು ಅಂತೀರಾ? ಕಿರಣ್. ಇದು ಇಬ್ಬರಿಗೂ ಇಡುವ ಹೆಸರು, ಜೊತೆಗೆ ಹೆಣ್ಣಿನದೇ ಆದ ಇನ್ನೊಂದು ಹೆಸರು ಸೇರಿಸಿ ಅಂದರು. ನಮ್ಮ ಚಿಕ್ಕತ್ತೆ ಅಕ್ಕಿಯ ಮೇಲೆ ಮಾಡಿದ್ದನ್ನೇ ಅಲ್ಲಿ ಸರ್ಕಾರ ಮಾಡಲು ಹೊರಟಿತ್ತು. ಅಪ್ಪ ಅಮ್ಮ ಒಪ್ಪಲಿಲ್ಲ. ಕೇಸು ದೇಶದ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಯಿತು. 2008ರ ಡಿಸೆಂಬರ್‌ನಲ್ಲಿ ತೀರ್ಪು ಬಂತು: ಹೆಸರಿನಿಂದಲೇ ಲಿಂಗ ಗೊತ್ತಾಗಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ, ಮಗುವಿಗೆ ಹಾನಿ ಆಗದಿದ್ದರೆ ಸಾಕು. ಆ ದೊಡ್ಡ ದೇಶದ ಕಾನೂನಿಗೆ ದಾರಿ ತೋರಿಸಿದ್ದು ನಮ್ಮ ಬೀದಿ ಬೀದಿಯಲ್ಲೂ ಕೇಳುವ ಕಿರಣ್! ಬೆಂಗಳೂರಿನಲ್ಲಿ 1978ರಲ್ಲೇ ಬಯೋಕಾನ್ ಶುರು ಮಾಡಿದ ಕಿರಣ್ ಮಜುಂದಾರ್ ಶಾ ಅವರ ಹೆಸರು ಕೇಳಿ ಇಲ್ಲಿ ಯಾರಾದರೂ ಗಲಿಬಿಲಿಯಾಗಿದ್ದಾರಾ?

ಆ ತೀರ್ಪಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಮಾತು. ಮಗುವಿಗೆ ಹಾನಿ ಆಗಬಾರದು. ಹೆಸರು ಇಡುವವರು ನಾವು, ಹೊರುವುದು ಮಗು. ನನ್ನ ಮನಸ್ಸಿನ ವಾದವನ್ನು ಅವನ ಬೆನ್ನಿಗೆ ಕಟ್ಟಿದೆನಾ? ರಾತ್ರಿ ಅವನು ಮಲಗಿದ ಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯುಕೆಜಿಯಲ್ಲಿ ಒಮ್ಮೆ ಡ್ಯಾನ್ಸಿಗೆ ಹುಡುಗಿಯರ ಪಟ್ಟಿಯಲ್ಲಿ ಅವನ ಹೆಸರು ಸೇರಿತ್ತು. ಎರಡು ದಿನ ಮಕ್ಕಳು ರೇಗಿಸಿದರು. ಮನೆಗೆ ಬಂದು ಶೂ ಬಿಚ್ಚುತ್ತಾ "ನನ್ನ ಹೆಸರು ಹುಡುಗಿದಾ?" ಅಂದ. ನಾನು ಅಜ್ಜಿಗೆ ವಿಡಿಯೊ ಕಾಲ್ ಮಾಡಿ ಫೋನು ಅವನ ಕೈಗೆ ಕೊಟ್ಟೆ. ಅಜ್ಜಿ ಹೊಳೆಯ ಕಥೆ ಹೇಳಿದರು. ಮಳೆಗಾಲದಲ್ಲಿ ಅದು ಹೇಗೆ ಮೆಟ್ಟಿಲುಗಳನ್ನೆಲ್ಲ ನುಂಗುತ್ತದೆ, ಬೇಸಿಗೆಯಲ್ಲಿ ಹೇಗೆ ಮೀನು ಕಾಣುವಷ್ಟು ತಿಳಿಯಾಗುತ್ತದೆ ಅಂತ. "ನಿಂದು ಹೊಳೆ ಹೆಸರು ಪುಟ್ಟ" ಅಂದರು. ಮಾರನೇ ದಿನ ಅವನು ಕ್ಲಾಸಿನಲ್ಲಿ ಅದನ್ನೇ ಹೇಳಿದನಂತೆ. ಹೊಳೆಯಲ್ಲಿ ಮೊಸಳೆ ಇದೆ ಅಂತ ತಾನೇ ಸೇರಿಸಿದ್ದ. ರೇಗಿಸುವುದು ನಿಂತಿತು.

ಅವನು ಹೆಸರು ಬದಲಿಸು ಅಂತ ಕೇಳಿದ್ದೂ ಉಂಟು, ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ. 2024ರ ಮಾರ್ಚ್‌ನಲ್ಲಿ ಆರ್‌ಸಿಬಿಯ ಹೆಣ್ಣುಮಕ್ಕಳ ತಂಡ ಕಪ್ ಗೆದ್ದಿತು. ಗಂಡಸರ ತಂಡಕ್ಕೆ ಅಲ್ಲಿಯವರೆಗೆ ಒಂದೂ ಬಂದಿರಲಿಲ್ಲ. ಫೈನಲ್‌ನಲ್ಲಿ ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ತೆಗೆದರು. ಆರು ವರ್ಷದ ನಮ್ಮ ಹುಡುಗ ಸೋಫಾ ಮೇಲೆ ನಿಂತು ನೋಡಿದ್ದ. ಮಾರನೇ ದಿನದಿಂದ ನಾನು ಶ್ರೇಯಾಂಕಾ ಅಂದ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅದೇ ಥರ ಕೈ ತಿರುಗಿಸಿ ಬೌಲಿಂಗ್. ದೊಡ್ಡ ಹುಡುಗನೊಬ್ಬ "ಅದು ಹುಡುಗಿ ಕಣೋ" ಅಂದ. ಇವನು ಚೆಂಡು ಒರೆಸುತ್ತಾ "ಔಟ್ ಮಾಡಿದ್ದು ಅವರೇ ಅಲ್ವಾ?" ಅಂದ. ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ಹಾಗೇ ನಿಂತುಬಿಟ್ಟೆ. 2025ರಲ್ಲಿ ಗಂಡಸರೂ ಗೆದ್ದ ಮೇಲೆ ಒಂದು ತಿಂಗಳು ವಿರಾಟ್ ಆಗಿದ್ದ. ಈಗ ಮತ್ತೆ ತನ್ನ ಹೆಸರಿಗೇ ಬಂದಿದ್ದಾನೆ.

ಹೋದ ವರ್ಷ, 2025ರ ಮಳೆಗಾಲ ಮುಗಿಯುವಾಗ ಅಜ್ಜಿ ತೀರಿಕೊಂಡರು. 90 ಆಗಿತ್ತು. ವೈಕುಂಠ ಸಮಾರಾಧನೆಗೆ ಎಲ್ಲರೂ ಊರಿಗೆ ಹೋಗಿದ್ದೆವು. ಅಜ್ಜಿಯ ಅಕ್ಕ ಇನ್ನೂ ಇದ್ದಾರೆ, 93. ನಾವು ದೊಡ್ಡಜ್ಜಿ ಅನ್ನುತ್ತೇವೆ. ಅವರಿಗೆ ನೆನಪು ಮಾಸಿದೆ. ತಂಗಿ ಹೋದದ್ದನ್ನು ಹೇಳಿದರೆ ಅಳುತ್ತಾರೆ, ಸ್ವಲ್ಪ ಹೊತ್ತಿಗೆ ಮರೆಯುತ್ತಾರೆ. ಊಟ ಮುಗಿದು ಬಾಳೆ ಎಲೆ ಎತ್ತುತ್ತಿದ್ದರು. ದೊಡ್ಡಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದವರು ಇದ್ದಕ್ಕಿದ್ದ ಹಾಗೆ ಜೋರಾಗಿ ಕೂಗಿದರು. ಬರೀ ಎರಡಕ್ಷರ. ಕೊನೆಗೆ ಉದ್ದಕ್ಕೆ ಎಳೆದ ದೀರ್ಘ. ತಂಗಿಗೆ 'ಅಮ್ಮ' ಸೇರುವ ಮೊದಲು, ಇದೇ ಜಗಲಿಯಲ್ಲಿ ಇಬ್ಬರೂ ಆಡುತ್ತಿದ್ದಾಗ ಕರೆಯುತ್ತಿದ್ದ ಹೆಸರು.

ಮನೆಯಲ್ಲಿ ಎಲ್ಲರೂ ಹಾಗೇ ನಿಂತೆವು. ಅಂಗಳದಲ್ಲಿ ಅಡಿಕೆ ಸಿಪ್ಪೆ ರಾಶಿಯ ಮೇಲೆ ಹಾರುತ್ತಿದ್ದ ನನ್ನ ಮಗ ಓಡಿ ಬಂದ.

"ಏನಜ್ಜಿ?"

"ಬಾರೇ ಇಲ್ಲಿ. ಎಲ್ಲಿ ಹೋಗಿದ್ಯೇ ಇಷ್ಟೊತ್ತು?"

"ಇಲ್ಲೇ ಇದ್ನಲ್ಲ" ಅಂದು ಅವನು ಅವರ ಪಕ್ಕ ಕೂತ. ದೊಡ್ಡಜ್ಜಿ ಸೆರಗಿನ ಗಂಟು ಬಿಚ್ಚಿ ಅವನ ಅಂಗೈಗೆ ಕಲ್ಲುಸಕ್ಕರೆ ಹಾಕಿದರು.